ಹಲಗೆ ಮುಚ್ಚಿದ ಟಬ್ಬು

ನಾಸಿಕದಲ್ಲಿ ಲಕ್ಷರಿ ಅಂದರೆ ಬಸ್ಸು. ಸರ್ಕಾರದ ಕೆಂಪು ಬಸ್ಸಿಗೆ ಎಸ್‌ಟಿ ಅನ್ನುತ್ತಿದ್ದರು. ಖಾಸಗಿಯವರು ಓಡಿಸುವ, ಸೀಟು ಹಿಂದಕ್ಕೆ ವಾಲುವ, ಕಿಟಕಿಗೆ ಪರದೆ ಕಟ್ಟಿದ ಬಸ್ಸಿಗೆ ಲಕ್ಷರಿ. ಯಾರ ಮನೆಗಾದರೂ ನೆಂಟರು ಬಂದರೆ ಅಂಬಡ ಬಡಾವಣೆಯ ನಮ್ಮ ಚಾಳಿನ, ಸಾಲು ಕೋಣೆಗಳ ವಠಾರದ ಹೆಂಗಸರು ಮೊದಲು ಕೇಳುತ್ತಿದ್ದದ್ದು, ಎಸ್‌ಟಿಗೆ ಬಂದರೋ ಲಕ್ಷರಿಗೆ ಬಂದರೋ ಎಂದು. ಉತ್ತರ ಕೇಳಿದ ಮೇಲೆ ಚಹಕ್ಕೆ ಎಷ್ಟು ಹಾಲು ಹಾಕಬೇಕೆಂಬುದು ತೀರ್ಮಾನವಾಗುತ್ತಿತ್ತು.

ನನ್ನ ಗಂಡ ಸಾತಪುರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಬೇಸಿಗೆಯಲ್ಲಿ ಶೆಡ್ಡಿಗೆ ಇನ್ನೆರಡು ಫ್ಯಾನು ಬೇಕೆಂದು ಕೆಲಸದವರು ಕೇಳಿದಾಗ ಮೇಲಿನವರೊಬ್ಬರು, ಇಲ್ಲಿ ಲಕ್ಷರಿ ಮಾಡಲು ಬಂದಿದ್ದೀರಾ ಅಂದರಂತೆ. ಹಾಗೆಂದವರ ಕೋಣೆಯಲ್ಲಿ ಕೂಲರ್ ಇತ್ತು. ಅದನ್ನು ಅವರು ಏನೆಂದು ಕರೆಯುತ್ತಿದ್ದರೋ ತಿಳಿಯದು. ಬೀದರ ಜಿಲ್ಲೆಯ ನಮ್ಮ ಊರಲ್ಲಿ ಅಪ್ಪ ಇದಕ್ಕೆ ಐಷ್ ಅನ್ನುತ್ತಿದ್ದ. ಬಿಸಿಲು ಏರಿದ ಮೇಲೂ ಹಾಸಿಗೆಯಲ್ಲಿದ್ದರೆ, ರೊಟ್ಟಿಗೆ ಎರಡನೆಯ ಸಲ ಬೆಣ್ಣೆ ಕೇಳಿದರೆ, "ಐಷ್ ಮಾಡ್ಲಕತ್ತೀರೇನು?" ಎಂದು ಗದರುತ್ತಿದ್ದ.

ಎರಡು ಶಬ್ದಗಳನ್ನೂ ಬಹಳ ವರ್ಷ ಕೇಳಿದ್ದೇನೆ. ತನ್ನ ಮನೆಯಲ್ಲಿರುವ ವಸ್ತುವಿಗೆ ಆ ಹೆಸರು ಕೊಟ್ಟವರನ್ನು ಕಂಡಿಲ್ಲ. ಅದು ಯಾವಾಗಲೂ ಇನ್ನೊಬ್ಬರ ಮನೆಯಲ್ಲೇ ಇರುತ್ತದೆ. ನನ್ನ ಪಾಲಿಗೆ ಅದು ಔರಂಗಾಬಾದಿನಲ್ಲಿ, ಅಕ್ಕನ ಮನೆಯಲ್ಲಿತ್ತು. ಆ ಊರಿಗೆ ಈಗ ಛತ್ರಪತಿ ಸಂಭಾಜಿನಗರ ಎಂಬ ಹೆಸರು. ನಾನು ಹೇಳುತ್ತಿರುವುದು ಎಂಬತ್ತರ ದಶಕದ ಕೊನೆಯ ಮಾತು. ಆಗಿನ ಹೆಸರನ್ನೇ ಬರೆಯುತ್ತೇನೆ.

ಅಕ್ಕ ನನಗಿಂತ ಮೂರು ವರ್ಷ ದೊಡ್ಡವಳು. ಅವಳ ಮದುವೆಯಾದಾಗ ಭಾವ ಬ್ಯಾಂಕಿನಲ್ಲಿ ಕಾರಕೂನ. ಆಮೇಲೆ ಪರೀಕ್ಷೆ ಬರೆದು ಆಫೀಸರ್ ಆದರು, ಕಲಬುರಗಿಯಿಂದ ಔರಂಗಾಬಾದಿಗೆ ವರ್ಗವಾಯಿತು. ಬ್ಯಾಂಕು ಅವರಿಗೆ ದೌಲತಾಬಾದಿನ ರಸ್ತೆಯ ಕಡೆ ಒಂದು ಬಂಗಲೆಯನ್ನು ಬಾಡಿಗೆಗೆ ಹಿಡಿದುಕೊಟ್ಟಿತು. ಅದನ್ನು ಕಟ್ಟಿಸಿದವನು ಒಬ್ಬ ಗುತ್ತೇದಾರ. ಪ್ರವಾಸಿಗಳು ಇಳಿಯುವ ದೊಡ್ಡ ಹೋಟೆಲಿನ ಕೆಲಸ ಮಾಡಿದವನಂತೆ. ಅಲ್ಲಿ ನೋಡಿದ್ದನ್ನೆಲ್ಲ ತನ್ನ ಮನೆಗೂ ಮಾಡಿಸಿಕೊಂಡಿದ್ದ. ಕೊನೆಗೆ ತಾನು ಅಲ್ಲಿ ಇರದೆ ಬಾಡಿಗೆಗೆ ಕೊಟ್ಟ. ಹೀಗೆ ಅಕ್ಕನ ಮನೆಯ ಬಚ್ಚಲಿನಲ್ಲಿ ಒಂದು ಟಬ್ಬು ಇತ್ತು. ಎಳೆ ಪಿಸ್ತಾ ಬಣ್ಣದ್ದು, ಆಳುದ್ದದ್ದು, ಒಬ್ಬರು ಕಾಲು ಚಾಚಿ ಮಲಗುವಂಥದ್ದು.

ನಾಸಿಕದಲ್ಲಿ ನಮಗೆ ಎರಡು ಕೋಣೆ. ಅಡುಗೆ ಕೋಣೆಯ ಮೂಲೆಯಲ್ಲೇ ಮೊಣಕಾಲೆತ್ತರದ ಕಟ್ಟೆ ಕಟ್ಟಿದ ಮೋರಿ. ಪಾತ್ರೆ ತೊಳೆಯುವುದೂ ಅಲ್ಲೇ, ಸ್ನಾನವೂ ಅಲ್ಲೇ. ಹಗ್ಗಕ್ಕೆ ಹಳೆಯ ಸೀರೆ ಇಳಿಬಿಟ್ಟು, ಕುಕ್ಕುರುಗಾಲಲ್ಲಿ ಕೂತು, ಒಲೆಯ ಮೇಲಿನ ಸಾರು ಉಕ್ಕುತ್ತದೋ ಎಂದು ಕಿವಿ ಕೊಟ್ಟು ಸ್ನಾನ ಮುಗಿಸಬೇಕು. ಅಕ್ಕನ ಮನೆಯ ಟಬ್ಬಿನ ಸುದ್ದಿ ನನಗೆ ಕಾಗದದಲ್ಲಿ ಬಂದಿತ್ತು. ಒಂದೇ ಸಾಲು ಬರೆದಿದ್ದಳು. ಆ ಸಾಲನ್ನು ನಾನು ಎಷ್ಟು ಸಲ ಓದಿದೆನೆಂದರೆ, ಮೋರಿಯಲ್ಲಿ ಕೂತಾಗಲೆಲ್ಲ ಅವಳು ಎಲ್ಲಿ ತಲೆ ಇಡುತ್ತಾಳೆ, ಎಲ್ಲಿ ಕಾಲು ಇಡುತ್ತಾಳೆ ಎಂದು ಲೆಕ್ಕ ಹಾಕುತ್ತಿದ್ದೆ. ಗಂಡನ ಹತ್ತಿರ ಇದನ್ನು ಹೇಳಲಿಲ್ಲ. ಹೇಳಿದ್ದರೆ ಅವರು ನಗುತ್ತಿದ್ದರು, ನಗುವಂಥದ್ದಾಗಿರಲಿಲ್ಲ ಅದು.

ನನ್ನ ಹತ್ತಿರ ಇದ್ದು ಅಕ್ಕನ ಹತ್ತಿರ ಇಲ್ಲದಿದ್ದದ್ದು ಒಂದೇ. ನನಗೆ ಇಬ್ಬರು ಮಕ್ಕಳು. ಅವಳಿಗೆ ಮದುವೆಯಾಗಿ ಎಂಟು ವರ್ಷವಾದರೂ ಮಕ್ಕಳಾಗಿರಲಿಲ್ಲ. ಅದರ ಬಗ್ಗೆ ನನಗೆ ದುಃಖವಿತ್ತು, ನಿಜ. ಆ ದುಃಖದ ಅಡಿಯಲ್ಲಿ ಒಂದು ಸಮಾಧಾನವೂ ಇತ್ತು, ಅದೂ ನಿಜ. ಒಂಬತ್ತನೆಯ ವರ್ಷ ಅವಳು ಬಸುರಿಯಾದ ಕಾಗದ ಬಂತು. ಓದಿ ಪಕ್ಕದ ಮನೆಯವರಿಗೆಲ್ಲ ಸಕ್ಕರೆ ಹಂಚಿದೆ. ಹಂಚಿ ಬಂದು ಮೋರಿಯ ಕಟ್ಟೆಯ ಮೇಲೆ ಕೂತೆ. ಇದೂ ಅವಳಿಗೇ ಹೋಯಿತು ಅನ್ನಿಸಿತು, ನನ್ನ ಮಕ್ಕಳನ್ನೇ ಯಾರೋ ಎತ್ತಿಕೊಂಡು ಹೋಗಿ ಅವಳ ಮನೆಯಲ್ಲಿ ಇಟ್ಟ ಹಾಗೆ.

ಏಳನೆಯ ತಿಂಗಳಲ್ಲಿ ಕುಬಸ ಇಟ್ಟುಕೊಂಡರು. ನಮ್ಮ ಕಡೆ ಕುಬಸಕ್ಕೆ ತವರಿನವರು ಹಸಿರು ಸೀರೆ, ಹಸಿರು ಬಳೆ, ಕುಬಸದ ಖಣ ತಂದು ಬಸುರಿಗೆ ಉಡಿ ತುಂಬುತ್ತಾರೆ. ಉಡಿ ತುಂಬಿದ ಮೇಲೆ, ಮಗಳನ್ನು ಬಾಣಂತನಕ್ಕೆ ಕಳಿಸಿಕೊಡಿ ಎಂದು ಅತ್ತೆಯನ್ನು ಎಲ್ಲರೆದುರು ಕೇಳಬೇಕು. ನಮ್ಮ ಅಪ್ಪ ಅವ್ವ ಇಬ್ಬರೂ ತೀರಿಕೊಂಡಿದ್ದರು, ಅಣ್ಣತಮ್ಮಂದಿರಿಲ್ಲ. ಹಾಗಾಗಿ ಅಕ್ಕನಿಗೆ ತವರು ಅಂದರೆ ನಾನೇ. ಕೇಳಬೇಕಾದವಳೂ ನಾನೇ, ಕರೆದುಕೊಂಡು ಹೋಗಬೇಕಾದ ಮನೆ ಅಂಬಡದ ನನ್ನ ಎರಡು ಕೋಣೆ.

ಅಕ್ಕ ಬರೆದಿದ್ದಳು: ಹೆರಿಗೆಗೆ ನಿನ್ನ ಹತ್ತಿರವೇ ಬರುತ್ತೇನೆ, ಅತ್ತೆ ಇನ್ನೂ ಹೂಂ ಅಂದಿಲ್ಲ, ನೀನು ಕುಬಸದ ದಿನ ಸರಿಯಾಗಿ ಕೇಳು. ಆ ಕಾಗದವನ್ನೂ ಬಹಳ ಸಲ ಓದಿದೆ. ಬಂಗಲೆ ಬಿಟ್ಟು ಅವಳು ಈ ಚಾಳಿಗೆ ಬಂದು ಎರಡು ಮೂರು ತಿಂಗಳು ಇರುವುದು, ಸೀರೆಯ ಮರೆಯಲ್ಲಿ ನನ್ನ ಮೋರಿಯಲ್ಲಿ ಕೂರುವುದು, ಎಲ್ಲ ನೋಡುವುದು. ನನಗೆ ಅವಳು ಬರಬೇಕೆಂದೂ ಇತ್ತು, ಬರಬಾರದೆಂದೂ ಇತ್ತು.

ಗಂಡನಿಗೆ ರಜೆ ಸಿಗಲಿಲ್ಲ. ಮಕ್ಕಳನ್ನು ಕರೆದುಕೊಂಡು ಎಸ್‌ಟಿಯಲ್ಲಿ ಕುಬಸಕ್ಕೆ ಒಂದು ದಿನ ಮುಂಚೆ ಮುಂಜಾನೆ ಹೋಗಿ ಇಳಿದೆ. ಅಕ್ಕ ಗೇಟಿನ ತನಕ ಬಂದಳು. ಹೊಟ್ಟೆ ಮುಂದೆ ಬಂದಿತ್ತು, ಮುಖ ತುಂಬಿಕೊಂಡಿತ್ತು. ನನ್ನನ್ನು ತಬ್ಬಿಕೊಂಡಾಗ ಅವಳ ಹೊಟ್ಟೆ ನನಗೆ ತಾಗಿತು. ಅತ್ತೆ ಹಿಂದೆಯೇ ನಿಂತಿದ್ದರು. ಅವರು ಅಕ್ಕನ ಅತ್ತೆ. ನಾನೂ ಅತ್ತಿ ಎಂದೇ ಕರೆಯುತ್ತಿದ್ದೆ. ಸಣ್ಣ ಮೈಯ, ಗಟ್ಟಿ ದನಿಯ ಹೆಂಗಸು. ಕೊರಳಲ್ಲಿ ಲಿಂಗ, ಹಣೆ ತುಂಬ ವಿಭೂತಿ. ಬೈಯದೆ ಒಂದು ಮಾತೂ ಆಡಿದ್ದನ್ನು ನಾನು ಕೇಳಿರಲಿಲ್ಲ.

"ಬಾರವ್ವಾ ನಾಸಿಕದಾಕಿ. ಮುಖ ಯಾಕ ಹಂಗ ಬಾಡ್ಯಾದ? ಗಂಡ ಉಣ್ಲಿಕ್ಕ ಹಾಕೂದಿಲ್ಲೇನು?" ಅಂದರು.

ಕೈಕಾಲು ತೊಳೆಯುವ ನೆಪದಲ್ಲಿ ನಾನು ಮೊದಲು ಹೋದದ್ದು ಬಚ್ಚಲಿಗೆ. ಬಾಗಿಲು ತೆರೆದರೆ ಟಬ್ಬು ಕಾಣಲಿಲ್ಲ. ಅದರ ಉದ್ದಕ್ಕೂ ಪ್ಲೈವುಡ್ಡಿನ ಹಲಗೆ ಮುಚ್ಚಿತ್ತು. ಹಲಗೆಯ ಮೇಲೆ ಎರಡು ಬಕೆಟ್ಟು, ಸಾಬೂನಿನ ಪುಡಿಯ ಡಬ್ಬಿ, ಭಾವನ ಗಡ್ಡ ಕೆರೆಯುವ ಸಾಮಾನು, ಕನ್ನಡಿ. ಅಕ್ಕ ಬೆನ್ನ ಹಿಂದೆ ಬಂದು ನಿಂತಳು.

"ಇದ್ಯಾಕ ಮುಚ್ಚೀದಿ?"

"ಟಾಕಿ ಮುಚ್ಚಲಾರದೆ ಬಿಡ್ತಾರೇನು? ಹಲ್ಲಿ ಬೀಳ್ತದ."

ಟಾಕಿ ಅಂದಳು. ಆ ಊರಲ್ಲಿ ನಳದ ನೀರು ಒಂದು ದಿನ ಬಿಟ್ಟು ಒಂದು ದಿನ, ಸಂಜೆ ಒಂದು ತಾಸು ಬರುತ್ತಿತ್ತು. ಬಂಗಲೆಗೆ ಬಂದ ಮೊದಲ ವಾರವೇ ಅತ್ತೆ ಟಬ್ಬಿನ ತಳದ ತೂತಿಗೆ ಹಳೆಯ ಅರಿವೆ ಸುತ್ತಿದ ಬೂಚು ಬಡಿದು, ನೀರು ತುಂಬಿಸಿ, ಮೇಲೆ ಹಲಗೆ ಹಾಕಿದ್ದರು. ಅಂದಿನಿಂದ ಅದು ನೀರು ಕೂಡಿಡುವ ಟಾಕಿ.

"ಒಮ್ಮೆನೂ ಇದ್ರಾಗ ಮಲಕೊಂಡಿಲ್ಲೇನು ನೀ?" ಕೇಳಿದೆ.

ಅಕ್ಕ ನಕ್ಕಳು. "ಮಲಕೊಂಡ್ರ ಮನಿ ಮಂದಿ ಎರಡು ದಿನ ಏನ್ ಮಾಡ್ಬೇಕು? ನಾಳಿಗಿ ಇಪ್ಪತ್ತೈದು ಮಂದಿ ಬರ್ತಾರ. ಅಡಗಿಗೂ ಇದೇ ನೀರು, ಸೋಸಿ ತಗೋಬೇಕು. ಮೊನ್ನೆ ಹುಣಸಿಹಣ್ಣು ಹಚ್ಚಿ ತಿಕ್ಕಿ ತುಂಬಿಸೀನಿ." ಆಮೇಲೆ ನನ್ನ ಭುಜಕ್ಕೆ ಕೈಯೂರಿ ಹೇಳಿದಳು: "ನಿಮ್ಮಲ್ಲಿ ಎರಡೂ ಹೊತ್ತು ನಳ ಬರ್ತದ. ಲಕ್ಷರಿ ಅಂದ್ರ ಅದು ನೋಡು."

ಅವಳು ಮನಸ್ಸಿನಿಂದಲೇ ಅಂದದ್ದು. ನನಗೆ ಮೈಯೆಲ್ಲ ಉರಿಯಿತು. ನಾಲ್ಕು ಮನೆಗೆ ಒಂದೇ ನಳ, ಕೊಡ ಹಿಡಿದು ಸಾಲಿನಲ್ಲಿ ನಿಂತು ಜಗಳವಾಡುವ ನಮ್ಮ ನಳಕ್ಕೆ ಅವಳು ಆ ಹೆಸರು ಕೊಟ್ಟಳು. ತನ್ನ ಪಿಸ್ತಾ ಬಣ್ಣದ ಟಬ್ಬಿಗೆ ಟಾಕಿ ಅಂದಳು. ಅದು ಇದ್ದದ್ದಕ್ಕೆ ನಾನು ಹೊಟ್ಟೆಕಿಚ್ಚು ಪಟ್ಟಿದ್ದೆ, ಅದನ್ನು ಹೇಗೋ ಸಹಿಸಿದ್ದೆ. ಇದ್ದೂ ಅದನ್ನು ಹಲಗೆ ಹಾಕಿ ಮುಚ್ಚಿ, ಮೇಲೆ ಸಾಬೂನಿನ ಡಬ್ಬಿ ಇಟ್ಟುಕೊಂಡಿದ್ದಾಳೆ ಅನ್ನುವುದನ್ನು ಸಹಿಸಲು ಆಗಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಭಾವ ಬ್ಯಾಂಕಿನ ಗೆಳೆಯರ ಜೀಪು ತಂದರು. ಬಳೆ ತೊಡಿಸಿಕೊಂಡು, ಹಣ್ಣು ಹೂವು ತರಲು ಎಲ್ಲರೂ ಪೇಟೆಗೆ ಹೊರಟರು. ನನ್ನ ಮಕ್ಕಳು ಜೀಪು ಅಂದದ್ದೇ ಹತ್ತಿ ಕೂತಿದ್ದರು. ಬಳೆ ತೊಡಿಸುವಾಗ ತವರಿನವಳು ನಾನಿರಬೇಕಾಗಿತ್ತು. ತಲೆ ನೋಯುತ್ತದೆ, ಬಸ್ಸಿನ ಧೂಳು, ಅಂದೆ. ಅಕ್ಕನ ಮುಖ ಸಣ್ಣದಾಯಿತು. ಅತ್ತೆ, "ಮಲಕೋಲಿ ಬಿಡು. ನಾಳೆ ರೊಟ್ಟಿ ಬಡಿಯೋದು ಅಕೀನ," ಅಂದರು.

ಜೀಪಿನ ಸದ್ದು ತಿರುವಿನಲ್ಲಿ ಹೋದ ಮೇಲೆ ಮುಂಬಾಗಿಲಿನ ಚಿಲಕ ಹಾಕಿದೆ. ಬಕೆಟ್ಟು, ಡಬ್ಬಿ, ಕನ್ನಡಿ ಒಂದೊಂದಾಗಿ ಇಳಿಸಿ, ಯಾವುದು ಎಲ್ಲಿತ್ತೆಂದು ನೆನಪಿಟ್ಟುಕೊಂಡು, ಹಲಗೆ ಎತ್ತಿ ಗೋಡೆಗೆ ನಿಲ್ಲಿಸಿದೆ. ನೀರು ಅಂಚಿನಿಂದ ಒಂದು ಗೇಣು ಕೆಳಗಿತ್ತು. ಬಹಳ ಶುಭ್ರವಾಗಿತ್ತು, ತಳದ ಬೂಚಿಗೆ ಸುತ್ತಿದ ಅರಿವೆಯ ನೀಲಿ ಗೆರೆ ಕೂಡ ಕಾಣುತ್ತಿತ್ತು. ಇದರಿಂದ ನಾಳೆ ಅಡುಗೆ ಎಂದು ಅಕ್ಕ ಹೇಳಿದ್ದು ನನಗೆ ನೆನಪಿತ್ತು. ಮರೆತಿದ್ದೆ ಎಂದು ಹೇಳಿಕೊಳ್ಳಲಾರೆ.

ನೀರು ತಣ್ಣಗಿತ್ತು. ಮೊದಲು ಕೂತೆ, ಆಮೇಲೆ ಬೆನ್ನು ಇಳಿಸಿದೆ, ಆಮೇಲೆ ತಲೆ. ಕಿವಿ ನೀರೊಳಗೆ ಹೋದ ಕೂಡಲೇ ಹೊರಗಿನ ಸದ್ದೆಲ್ಲ ನಿಂತು ನನ್ನ ಎದೆಯ ಬಡಿತ ಮಾತ್ರ ಕೇಳಿತು. ಮೇಲೆ ಚಿಕ್ಕ ಕಿಟಕಿಯಲ್ಲಿ ಬಿಸಿಲು. ಟಬ್ಬು ನನಗೆ ಉದ್ದವಾಯಿತು. ಕಾಲು ಆ ತುದಿಗೆ ತಾಗುತ್ತಿರಲಿಲ್ಲ, ಮೈ ಜಾರುತ್ತಿತ್ತು, ಎರಡು ಕೈಯಲ್ಲೂ ಅಂಚು ಹಿಡಿದುಕೊಳ್ಳಬೇಕಾಯಿತು. ನಾನು ನೆನೆಸಿಕೊಂಡಿದ್ದ ಸುಖ ಬರಲಿ ಎಂದು ಕಾದೆ. ಬಂದದ್ದು ಬೇರೆ. ಅಕ್ಕ ನನಗಿಂತ ಎತ್ತರ, ಅವಳ ಕಾಲು ತಾಗುತ್ತಿತ್ತು ಅನ್ನುವುದೊಂದೇ ತಲೆಯಲ್ಲಿ ಕೂತಿತು. ಅವಳು ಒಮ್ಮೆಯೂ ಮಲಗದ ಟಬ್ಬಿನಲ್ಲಿ ಮಲಗಿಕೊಂಡೂ ಅವಳ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೆ.

ಹತ್ತು ನಿಮಿಷವಾಗಿರಬಹುದು. ಎದ್ದು ಸೀರೆ ಸುತ್ತಿಕೊಂಡು ನೋಡಿದರೆ, ನೀರಿನ ಮೇಲೆ ಸಣ್ಣ ಸಣ್ಣ ಉಂಗುರಗಳು ಹೊಳೆಯುತ್ತಿದ್ದವು. ನನ್ನ ತಲೆಯ ಕೊಬ್ಬರಿ ಎಣ್ಣೆ. ಮಕ್ಕಳ ತಲೆಗೂ ನನ್ನ ತಲೆಗೂ ಹಿಂದಿನ ದಿನವಷ್ಟೇ ಹಚ್ಚಿದ್ದೆ. ಸಾಬೂನು ಮುಟ್ಟದಿದ್ದರೆ ಸಾಕೆಂದು ಎಚ್ಚರವಹಿಸಿದ್ದೆ, ಎಣ್ಣೆಯ ಯೋಚನೆ ಬಂದಿರಲಿಲ್ಲ. ತಂಬಿಗೆಯಿಂದ ಉಂಗುರಗಳನ್ನು ಎತ್ತಿ ಚೆಲ್ಲಲು ನೋಡಿದೆ. ತಂಬಿಗೆ ತಾಗಿದಲ್ಲಿ ಒಂದು ಹೋಗಿ ನಾಲ್ಕಾದವು. ಎರಡು ಉದ್ದ ಕೂದಲು ಒಂದು ಮೂಲೆಗೆ ತೇಲಿಹೋಗಿದ್ದವು.

ಈ ನೀರಿನಲ್ಲಿ ನಾಳೆ ಇಪ್ಪತ್ತೈದು ಮಂದಿಗೆ ಅನ್ನವಾಗಬೇಕು. ಅಕ್ಕನಿಗೆ ಬಡಿಸುವ ಎಡೆಯೂ ಇದರದ್ದೇ. ಅದನ್ನು ಹಾಗೆಯೇ ಬಿಡುವುದು ನನ್ನಿಂದಲೂ ಆಗಲಿಲ್ಲ. ಅವತ್ತು ನಳ ಬರುವ ದಿನ. ಆರು ಗಂಟೆಗೆ ನೀರು ಬರುತ್ತದೆ, ಇವರು ಬರುವುದು ಏಳಕ್ಕೆ. ಅಷ್ಟರಲ್ಲಿ ತೊಳೆದು ಮತ್ತೆ ತುಂಬಿಸಿಬಿಡಬಹುದು ಎಂದು ಎಣಿಸಿ ಕೈ ಇಳಿಸಿ ಬೂಚು ಕಿತ್ತೆ. ನೀರು ಸುತ್ತುತ್ತ ಇಳಿಯಿತು, ಕೊನೆಗೆ ಗೊರಕೆ ಹೊಡೆದಂಥ ಸದ್ದು ಮಾಡಿತು. ಟಬ್ಬನ್ನು ತಿಕ್ಕಿ ಒರೆಸಿ, ಬೂಚು ಬಡಿದು, ನಳ ತಿರುಗಿಸಿಟ್ಟು ಕೂತೆ.

ಆರು ಆಯಿತು. ನಳ ಒಮ್ಮೆ ಕೆಮ್ಮಿತು, ಎರಡು ಹನಿ ಬಿತ್ತು, ನಿಂತಿತು. ಆರೂವರೆ. ಹಿಂದಿನ ಮನೆಯ ಮರಾಠಿ ಬಾಯಿ ಗೋಡೆಯ ಮೇಲಿಂದ ಕೂಗಿ ಹೇಳಿದಳು, ದೊಡ್ಡ ಪೈಪು ಒಡೆದಿದೆಯಂತೆ, ಇವತ್ತು ನೀರಿಲ್ಲ, ನಾಳೆಯೂ ಗ್ಯಾರಂಟಿ ಇಲ್ಲ ಎಂದು. ನಾನು ಹಲಗೆ ಮುಚ್ಚಿದೆ. ಬಕೆಟ್ಟು, ಡಬ್ಬಿ, ಕನ್ನಡಿ ಇದ್ದಲ್ಲೇ ಇಟ್ಟೆ. ಅಡುಗೆಮನೆಗೆ ಹೋಗಿ ಚಹಕ್ಕೆ ನೀರಿಟ್ಟೆ. ಕುಡಿಯುವ ನೀರು ಎರಡು ಕೊಡ ಇತ್ತು.

ಏಳಕ್ಕೆ ಎಲ್ಲರೂ ನಗುತ್ತ ಬಂದರು. ಅಕ್ಕನ ಎರಡೂ ಕೈ ತುಂಬ ಹಸಿರು ಬಳೆ. ನನಗೆ ತೋರಿಸಿ ಆಡಿಸಿದಳು. ಆಮೇಲೆ ಕಾಲು ತೊಳೆಯಲು ಹೋದಳು. ಹಲಗೆ ಸರಿಸಿದ ಸದ್ದು ಕೇಳಿತು. ಅವಳು ಕೂಗಲಿಲ್ಲ. ಹೊರಗೆ ಬಂದು ಮೆಲ್ಲಗೆ, "ಟಾಕಿ ಖಾಲಿ ಆಗ್ಯಾದ," ಅಂದಳು.

ಅತ್ತೆ ಒಳಗೆ ಹೋಗಿ ನೋಡಿ ಬಂದರು. "ಬೂಚು ಯಾರು ಮುಟ್ಟೀರಿ?"

ನಾನು ಒಲೆಯ ಕಡೆ ಮುಖ ಮಾಡಿ ಚಹ ಸೋಸುತ್ತಿದ್ದೆ. ನನ್ನ ಬೆನ್ನ ಮೇಲೆ ಜಡೆ ಇನ್ನೂ ಒದ್ದೆಯಿತ್ತು. ರವಿಕೆಗೆ ಅದರ ನೀರು ಇಳಿದು ತಣ್ಣಗಾಗಿದ್ದು ಆ ಕ್ಷಣ ಗೊತ್ತಾಯಿತು. ಅಕ್ಕ ನನ್ನ ಹಿಂದೆಯೇ ನಿಂತಿದ್ದಳು.

"ನಂದೇ ತಪ್ಪರಿ ಅತ್ತಿ," ಅಂದಳು ಅಕ್ಕ. "ಮುಂಜಾನಿ ಕೈ ಹಾಕಿ ನೋಡೋ ಮುಂದ ಬೂಚು ಸಡ್ಲ ಆಗಿರಬೇಕು."

"ಆಗಿರಬೇಕಾ? ನಾಳೆ ನೆಂಟರ ಮುಂದ ಖಾಲಿ ಟಾಕಿ ತೋರಿಸ್ತೀಯೇನು? ಎಂಟು ವರ್ಷ ಆತು ಈ ಮನಿಗಿ ಬಂದು, ಒಂದು ಬೂಚು ಕಾಯ್ಲಿಕ್ಕ ಬರ್ಲಿಲ್ಲ. ಕೂಸಿನ್ನ ಹೆಂಗ ಕಾಯ್ತೀ?"

ಅಕ್ಕ ತಲೆ ತಗ್ಗಿಸಿ ನಿಂತಳು. ಹಸಿರು ಬಳೆಯ ಕೈಗಳನ್ನು ಹೊಟ್ಟೆಯ ಮೇಲೆ ಇಟ್ಟುಕೊಂಡಿದ್ದಳು. ಆಗ ನನ್ನೊಳಗೆ ಏನಾಯಿತೋ ಅದನ್ನು ಬರೆಯಲು ನನ್ನ ಕೈ ಈಗಲೂ ಹಿಂಜರಿಯುತ್ತದೆ. ನನಗೆ ಹಿತವಾಯಿತು. ಬಂಗಲೆಯವಳು, ಆಫೀಸರನ ಹೆಂಡತಿ, ನನ್ನ ತಪ್ಪಿಗೆ ನನ್ನೆದುರು ಬೈಸಿಕೊಳ್ಳುತ್ತಿದ್ದಾಳೆ. ನನ್ನ ಎರಡು ಕೋಣೆಯಲ್ಲಿ ನನಗೆ ಹೀಗೆ ಅನ್ನುವವರು ಯಾರೂ ಇಲ್ಲ. ಚಹ ಲೋಟಕ್ಕೆ ಬೀಳುವ ಸದ್ದಿನ ಜೊತೆ ಆ ಹಿತ ಇಳಿಯಿತು. ಅದು ಒಂದು ಲೋಟ ತುಂಬುವಷ್ಟು ಹೊತ್ತು ಇತ್ತು, ಅದಕ್ಕಿಂತ ಹೆಚ್ಚಿಲ್ಲ. ಆದರೆ ಇತ್ತು.

ಬೈಗುಳ ಮುಗಿಸಿ ಅತ್ತೆ ದೇವರ ಕೋಣೆಗೆ ಹೋದರು. ಮರುದಿನದ ಲಿಂಗಪೂಜೆಗೆ ಮಡಿಯಲ್ಲಿ ತುಂಬಿ ಬೇರೆಯಾಗಿಟ್ಟ ತಾಮ್ರದ ಕೊಡವನ್ನು ತಾವೇ ಹೊತ್ತು ತಂದು ಅಡುಗೆಮನೆಯ ಕಟ್ಟೆಯ ಮೇಲೆ ಕುಕ್ಕಿದರು. "ಇದ್ರಾಗಿಂದ ಅಕಿಗಿ ಕುಡೀಲಿಕ್ಕ ಕೊಡು. ಬಸುರಿ ಹೆಂಗಸು ನೀರಡಸಬಾರದು. ನನ್ನ ಪೂಜಿ ಒಂದು ತಂಬಿಗಿ ನೀರಾಗ ಆಗ್ತದ," ಎಂದು ನನಗೆ ಹೇಳಿ ಹೋದರು.

ಮರುದಿನ ಬೆಳಗಿನಿಂದ ಭಾವ ಮತ್ತು ನಾನು ಹಿಂದಿನ ಮನೆಯ ಬೋರಿನಿಂದ ನೀರು ಹೊತ್ತೆವು. ಮರಾಠಿ ಬಾಯಿ ನಮ್ಮ ಬಂಗಲೆಯನ್ನು ಒಮ್ಮೆ, ಕೊಡಗಳನ್ನು ಒಮ್ಮೆ ನೋಡಿ, "ಏವಢಾ ಮೋಠಾ ಬಂಗಲಾ, ಆಣಿ ಪಾಣೀ ಆಮಚಂ?" ಎಂದು ನಕ್ಕಳು. ಇಷ್ಟು ದೊಡ್ಡ ಬಂಗಲೆ, ನೀರು ಮಾತ್ರ ನಮ್ಮದೋ ಎಂದು. ಆದರೂ ಕೇಳಿದಷ್ಟು ನೀರು ಕೊಟ್ಟಳು. ಬೋರಿನ ನೀರು ಸವುಳು. ಬೇಳೆ ಬೇಯಲು ಬಹಳ ಹೊತ್ತು ಹಿಡಿಯಿತು. ಕಲಬುರಗಿಯಿಂದ ಬಂದ ಭಾವನ ಸೋದರತ್ತೆ ಇಳಿದ ಕೂಡಲೇ ಕೊಡ ಕಂಡು, "ಕುಬಸಕ್ಕ ಕರದೀರೋ ನೀರು ಹೊರ್ಲಿಕ್ಕ ಕರದೀರೋ?" ಎನ್ನುತ್ತಲೇ ಸೆರಗು ಸಿಕ್ಕಿಸಿ ಒಂದು ಕೊಡ ಎತ್ತಿಕೊಂಡರು. ಆಗಲೂ ನಾನು ಬಾಯಿ ಬಿಡಲಿಲ್ಲ. ಭುಜ ನೋಯುವಷ್ಟು ನೀರು ಹೊತ್ತರೆ ಹೇಳಿದಷ್ಟೇ ಆಯಿತು ಅನ್ನುವ ಹಾಗೆ ಹೊತ್ತೆ.

ಹನ್ನೊಂದು ಗಂಟೆಗೆ ಅಕ್ಕನನ್ನು ಮಣೆಯ ಮೇಲೆ ಕೂರಿಸಿದರು. ಹಸಿರು ಸೀರೆ, ತಲೆಗೆ ಮಲ್ಲಿಗೆಯ ದಂಡೆ. ನಾನು ಅರಿಷಿಣ ಕುಂಕುಮ ಹಚ್ಚಿ, ಅಕ್ಕಿ, ಕೊಬ್ಬರಿ ಬಟ್ಟಲು, ಐದು ತರದ ಹಣ್ಣು, ಖಣ ಹಾಕಿ ಉಡಿ ತುಂಬಿದೆ. ಬಗ್ಗಿದಾಗ ಅಕ್ಕ ಕಿವಿಯ ಹತ್ತಿರ, "ಈಗ ಕೇಳು," ಅಂದಳು.

ನಾನು ಅತ್ತೆಯ ಕಡೆ ತಿರುಗಿ, "ಅತ್ತಿ, ಅಕ್ಕನ್ನ ಬಾಣಂತನಕ್ಕ ನಮ್ಮ ಮನಿಗಿ ಕಳಿಸಿಕೊಡ್ರಿ," ಅಂದೆ.

ಎಲ್ಲ ಹೆಂಗಸರೂ ಅತ್ತೆಯನ್ನು ನೋಡಿದರು. ಅತ್ತೆ ಸೆರಗು ಸರಿಮಾಡಿಕೊಂಡು ಶುರುಮಾಡಿದರು. "ಹೆಂಗ ಕಳಿಸ್ಲವ್ವಾ? ಇಕಿಗಿ ಒಂದು ಬೂಚಿನ ಮ್ಯಾಲೆ ಖಬರಿರೂದಿಲ್ಲ. ಇಪ್ಪತ್ತೈದು ಮಂದೀನ ನೀರಿಲ್ಲದಂಗ ಕೂರಿಸ್ಯಾಳ. ಇಂಥಾಕಿ ನಿನ್ನ ಎರಡು ಖೋಲಿ ಮನ್ಯಾಗ, ನಿನ್ನ ಎರಡು ಮಕ್ಕಳ ನಡುವ..."

ಅಕ್ಕ ಮಣೆಯ ಮೇಲೆ ಕೂತು ನೆಲ ನೋಡುತ್ತಿದ್ದಳು. ಅವಳ ಉಡಿಯಲ್ಲಿ ನಾನು ಹಾಕಿದ ಅಕ್ಕಿ.

"ಬೂಚು ಕಿತ್ತಾಕಿ ನಾನರಿ," ಅಂದೆ.

ಅತ್ತೆ ನನ್ನ ಕಡೆ ತಿರುಗಿದರು.

"ಯಾಕ ಕಿತ್ತಿ?"

"ಅದ್ರಾಗ ಮಲಕೊಂಡಿದ್ನಿ. ಎಣ್ಣಿ ತೇಲ್ತು. ಅದಕ್ಕ ನೀರು ಬಿಟ್ನಿ."

ಕಲಬುರಗಿಯ ಸೋದರತ್ತೆ ಮೊದಲು ನಕ್ಕರು. "ಎಮ್ಮಿ ಹಂಗ ಮಲಕೊಂಡಿದ್ದೇನು?" ಅವರ ಹಿಂದೆ ಇನ್ನಿಬ್ಬರು ನಕ್ಕರು. ಅತ್ತೆ ನಗಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಅವರ ದನಿ ಅಷ್ಟು ತಗ್ಗಿದ್ದನ್ನು ಮೊದಲ ಸಲ ಕೇಳಿದೆ.

"ನಿನ್ನೆ ಅಕಿ ನಿನ್ನ ತಪ್ಪಿಗಿ ಬೈಸಿಕೊಂಡ್ಳು. ನೀ ಅಲ್ಲೇ ಚಹಾ ಸೋಸ್ಲಕತ್ತಿದ್ದಿ. ಈಗ ನೀನೇ ಹೇಳು ತಂಗಿ, ನಿನ್ನ ಕೈಯಾಗ ಅಕೀನ್ನ ಹೆಂಗ ಕೊಡ್ಲಿ?"

ಆರತಿ ಎತ್ತಿದರು. ಊಟವಾಯಿತು. ಬೇಳೆ ಕೊನೆಗೂ ಸರಿಯಾಗಿ ಬೆಂದಿರಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ಅಕ್ಕ ಹೂವಿನ ದಂಡೆ ಬಿಚ್ಚುತ್ತ ಕೂತಿದ್ದಳು. ನಾನು ಕ್ಷಮಿಸು ಅನ್ನಬೇಕೆಂದು ಹತ್ತಿರ ಹೋದೆ. ಅವಳೇ ಮೊದಲು ಮಾತಾಡಿದಳು.

"ಜಡಿ ನೋಡಿದ ಕೂಡ್ಲೆ ನನಗ ಗೊತ್ತಾಗಿತ್ತು. ನಿನ್ನ ಹೆಸರು ಬಂದ್ರ ನಿನ್ನ ಮನಿಗಿ ಕಳಿಸೂದಿಲ್ಲ ಅಂತ ನಾನೇ ನನ್ನ ಮ್ಯಾಲೆ ಹಾಕೊಂಡೆ. ಅತ್ತಿ ಬೈದ ಮ್ಯಾಲನ ಹೂಂ ಅಂತಾರ. ಈ ಎಂಟು ವರ್ಷದಾಗ ಬೈಯಲಾರದೆ ಒಂದಕ್ಕರ ಹೂಂ ಅಂದಿಲ್ಲ ಅವರು. ಬೈಯೂದು ಮುಗೀಲಿಕ್ಕ ಬಿಡ್ಬೇಕಾಗಿತ್ತು ನೀ."

"ನನಗ ನಿನ್ನ ಬೈಯೂದು ಕೇಳ್ಲಿಕ್ಕ ಆಗ್ಲಿಲ್ಲ ಅಕ್ಕ."

"ನಿನ್ನೆ ಆಗಿತ್ತಲ್ಲ?" ಅಂದಳು.

ಸಿಟ್ಟಿನಿಂದ ಅನ್ನಲಿಲ್ಲ. ದಂಡೆಯ ದಾರದ ಗಂಟು ಬಿಚ್ಚುತ್ತಲೇ ಅಂದಳು. ನಾನು ನಿಜ ಹೇಳಿದ್ದು ಅವಳನ್ನು ಉಳಿಸಲಿಕ್ಕೋ, ಅವಳು ನನ್ನ ಎರಡು ಕೋಣೆಗೆ ಬಾರದಿರಲಿ ಎಂದೋ, ಇದನ್ನು ಬಹಳ ವರ್ಷ ತೂಗಿ ನೋಡಿದ್ದೇನೆ. ಬಾಯಿ ತೆರೆದ ಆ ಕ್ಷಣ ನನ್ನ ಕಣ್ಣೆದುರು ಇದ್ದದ್ದು ಅಕ್ಕನ ತಗ್ಗಿದ ತಲೆ. ಅತ್ತೆ 'ಎರಡು ಖೋಲಿ' ಅಂದದ್ದೂ ಕಿವಿಯಲ್ಲಿತ್ತು. ಯಾವುದು ನನ್ನನ್ನು ಮಾತಾಡಿಸಿತೆಂದು ಆಣೆ ಮಾಡಿ ಹೇಳಲು ಆಗುವುದಿಲ್ಲ.

ಹೆರಿಗೆ ಔರಂಗಾಬಾದಿನಲ್ಲೇ ಆಯಿತು. ಹೆಣ್ಣುಮಗು. ಒಂಬತ್ತನೆಯ ದಿನ ನಾನು ಬಾಣಂತಿಯ ಅಂಟಿನುಂಡೆ ಕಟ್ಟಿಕೊಂಡು ಹೋದೆ. ಹೋದಾಗ ಹಿತ್ತಲಲ್ಲಿ ಅಕ್ಕನಿಗೆ ನೀರು ಹಾಕುವ ಹೊತ್ತು. ಮೂರು ಕಲ್ಲಿನ ಒಲೆಯ ಮೇಲೆ ದೊಡ್ಡ ಹಂಡೆ ಕುದಿಯುತ್ತಿತ್ತು. ತಗಡಿನ ಮರೆಯ ಹಿಂದೆ ಅಕ್ಕ ಮಣೆಯ ಮೇಲೆ ಕೂತಿದ್ದಳು. ಅತ್ತೆ ಸೀರೆಯನ್ನು ಮೊಣಕಾಲಿಗೆ ಎತ್ತಿ ಕಟ್ಟಿ, ತಂಬಿಗೆ ತುಂಬಿ ತುಂಬಿ ಅವಳ ಬೆನ್ನಿಗೆ ಹೊಯ್ಯುತ್ತಿದ್ದರು. "ಬೆನ್ನು ನೆಟ್ಟಗ ಮಾಡು. ಮುದುಕಿ ಹಂಗ ಕೂತೀ," ಎಂದು ಬೈಯುತ್ತಿದ್ದರು. ಬೈಯುತ್ತಲೇ ಎಡಗೈಯನ್ನು ಅಕ್ಕನ ಕುತ್ತಿಗೆಯ ಹಿಂದೆ ಇಟ್ಟು, ಬಿಸಿನೀರು ಒಮ್ಮೆಗೇ ಬೀಳದಂತೆ ಆ ಕೈಯ ಮೇಲೆ ಸುರಿದು ಇಳಿಬಿಡುತ್ತಿದ್ದರು. ನಮ್ಮ ಅವ್ವ ನನ್ನ ಮೊದಲ ಬಾಣಂತನದಲ್ಲಿ ಹಾಗೆಯೇ ಮಾಡಿದ್ದಳು. ಅಕ್ಕನಿಗೆ ಅವ್ವನ ಆ ಕೈ ಸಿಕ್ಕಿರಲಿಲ್ಲ. ಅವಳಿಗೆ ಮಗುವಾಗುವ ಹೊತ್ತಿಗೆ ಅವ್ವ ಇರಲಿಲ್ಲ.

ಅಕ್ಕ ಕಣ್ಣು ಮುಚ್ಚಿಕೊಂಡಿದ್ದಳು. ಅತ್ತೆಯ ಕೈಗೆ ತಲೆಯ ಭಾರ ಬಿಟ್ಟಿದ್ದಳು. ಆ ಕೈ ನನ್ನದಾಗಿರಬೇಕಿತ್ತು. ಅಂಬಡದ ಮೋರಿಯಲ್ಲಿ, ಹಗ್ಗದ ಮೇಲಿನ ಸೀರೆಯ ಮರೆಯಲ್ಲಾದರೂ ಸರಿ, ನಾನು ಹೊಯ್ಯಬೇಕಾಗಿದ್ದ ನೀರು ಅದು. ಅತ್ತೆ ನನ್ನ ಕೈಗೆ ಒಂದು ಒಣ ಅರಿವೆ ಕೊಟ್ಟು, ಕರೆದಾಗ ಬಾ ಎಂದಿದ್ದರು. ಹಂಡೆಯ ತಳ ಕಾಣುವವರೆಗೂ ಅವರು ಕರೆಯಲಿಲ್ಲ. ನಾನು ತಗಡಿನ ಹೊರಗೆ ಅರಿವೆ ಹಿಡಿದು ನಿಂತೇ ಇದ್ದೆ.